ಮೆಂತ್ಯ ತಿನ್ನಿ, ಮಾತ್ರೆ ಬಿಡಬೇಡಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಊರ ಹೊರಗಿನ ಗುಡ್ಡಗಳಲ್ಲಿ ಹಳದಿ ಹೂವಿನ ತಂಗಡಿ ಗಿಡವನ್ನು ನೀವು ನೋಡಿರುತ್ತೀರಿ. ಸಕ್ಕರೆ ಕಾಯಿಲೆಗೆಂದು ಅದರ ಹೂವಿನ ಕಷಾಯ ಕುಡಿಯುವವರಿದ್ದಾರೆ. ಕೆಲವರ ಮನೆಯಲ್ಲಿ ಹಾಗಲಕಾಯಿ ರಸ, ಕೆಲವರಲ್ಲಿ ನೇರಳೆ ಬೀಜದ ಪುಡಿ, ಇನ್ನು ಕೆಲವರಲ್ಲಿ ಕಲೌಂಜಿ. ಇವುಗಳಲ್ಲಿ ಗುಣವಿಲ್ಲವೆಂದಲ್ಲ. ಆದರೆ ಇವುಗಳನ್ನು ನಂಬಿ ಮಾತ್ರೆ ಬಿಟ್ಟರೆ ಪೆಟ್ಟು ಬೀಳುವುದು ಹೃದಯಕ್ಕೆ.

ಮಾತ್ರೆಯ ಮೂಲವೂ ಗಿಡವೇ

ಬಹುತೇಕ ರೋಗಿಗಳು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಚರಿತ್ರೆ ಆರಂಭವಾಗುವುದು ಯುರೋಪಿನ ಗಲೇಗಾ ಎಂಬ ಗಿಡದಿಂದ. ಆ ಗಿಡದಲ್ಲಿದ್ದ ವಸ್ತು ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದರ ಜಾಡು ಹಿಡಿದು ಸುರಕ್ಷಿತ ಔಷಧ ರೂಪಿಸಲು ದಶಕಗಳೇ ಬೇಕಾದವು. ಔಷಧಕ್ಕೂ ವಿಷಕ್ಕೂ ನಡುವೆ ಇರುವುದು ಅಳತೆ. ಮನೆಯ ಕಷಾಯದಲ್ಲಿ ಆ ಅಳತೆ ದಿನಕ್ಕೊಂದು ರೀತಿ.

ಮೆಂತ್ಯ ಹೇಗೆ ನೆರವಾಗುತ್ತದೆ?

ಮೆಂತ್ಯದ ಬೀಜದಲ್ಲಿ ಲೋಳೆಯಂಥ ನಾರು ಹೆಚ್ಚು. ಅದು ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಅಧ್ಯಯನಗಳಲ್ಲಿ ದಿನಕ್ಕೆ ಸುಮಾರು 25 ಗ್ರಾಂ ಬೀಜವನ್ನು ಊಟದ ಜೊತೆ ಕೊಡಲಾಗಿತ್ತು. ನೀವು ಒಂದು ಚಮಚ ನೆನೆಸಿ, ನೀರು ಕುಡಿದು ಬೀಜ ಚೆಲ್ಲಿದರೆ ನಾರಿನ ಬಹುಪಾಲು ಕಸಕ್ಕೆ ಹೋಯಿತು. ನೆನೆಸಿದ ಬೀಜವನ್ನೇ ತಿನ್ನಿ, ಅಥವಾ ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ, ಬೇಳೆ ಸಾರಿಗೆ ಸೇರಿಸಿ. ಸ್ವಲ್ಪದಿಂದ ಶುರು ಮಾಡಿ. ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಹಾಗಲಕಾಯಿಯನ್ನೂ ಪಲ್ಯವಾಗಿ ತಿನ್ನಿ.

ಕಹಿ ಸೋರೆಕಾಯಿಯ ಅಪಾಯ

2010ರಲ್ಲಿ ದಿಲ್ಲಿಯ ವಿಜ್ಞಾನಿಯೊಬ್ಬರು ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಸಕ್ಕರೆ ಕಾಯಿಲೆಗೆಂದು ವರ್ಷಗಳಿಂದ ಕುಡಿಯುತ್ತಿದ್ದ ರಸವೇ ಅದು; ಅಂದು ಮಾತ್ರ ಕಹಿಯಾಗಿತ್ತು. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು. ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಹೇಳಿದ್ದು ಇಷ್ಟು: ರಸ ತೆಗೆಯುವ ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದೊಂದಿಗೆ ಬೆರೆಸಬೇಡಿ. ಹಾಗಲ ರಸದ ಜೊತೆ ಬೆರೆಸಿದರೆ ಸೋರೆಯ ಕಹಿ ಗೊತ್ತೇ ಆಗುವುದಿಲ್ಲ. ಕುಡಿದ ಮೇಲೆ ವಾಂತಿ, ಭೇದಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೃದಯದ ಮಾತು

ವರ್ಷಗಟ್ಟಲೆ ಏರಿದ ಸಕ್ಕರೆ ರಕ್ತನಾಳಗಳನ್ನು ಕೆಡಿಸುತ್ತದೆ, ನರಗಳನ್ನೂ ಮಂದ ಮಾಡುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಹಠಾತ್ ಬೆವರು, ಉಸಿರುಕಟ್ಟು, ವಿಪರೀತ ಸುಸ್ತು ಕಂಡರೆ ಗ್ಯಾಸ್ ಎಂದು ಸುಮ್ಮನಾಗಬೇಡಿ. ಆಯುರ್ವೇದದಲ್ಲಿ ಹೃದಯಕ್ಕೆ ಹೊಳೆಮತ್ತಿ ತೊಗಟೆ ಕೊಡುವುದುಂಟು. ಆದರೆ ಬಿಪಿ ಮಾತ್ರೆಯ ಜಾಗದಲ್ಲಿ ಅದನ್ನು ಇಡಬೇಡಿ.

ಇಷ್ಟು ಮಾಡಿ

• ಕಷಾಯ, ಪುಡಿ ಏನು ತೆಗೆದುಕೊಂಡರೂ ವೈದ್ಯರಿಗೆ ಹೇಳಿ. ಮಾತ್ರೆಯ ಜೊತೆ ಸೇರಿ ಸಕ್ಕರೆ ವಿಪರೀತ ಇಳಿಯಬಹುದು.
• ಕೈನಡುಕ, ಬೆವರು, ಕಣ್ಣು ಮಂಜಾದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ತಿನ್ನಿ. ಉಪವಾಸದಲ್ಲಿದ್ದರೂ ತಡಮಾಡಬೇಡಿ, ಇಂಥ ಅನಾರೋಗ್ಯದಲ್ಲಿ ರೋಝಾ ಮುರಿಯಲು ರಿಯಾಯಿತಿ ಇದೆ.
• ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ಮಾತ್ರೆಯ ವೇಳೆ, ಪ್ರಮಾಣ ಕೇಳಿಕೊಳ್ಳಿ.
• ಹೆಸರಿಲ್ಲದ ಪೊಟ್ಟಣದ ಪುಡಿ ಕೊಳ್ಳಬೇಡಿ.
• 30 ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಉಚಿತವಾಗಿ ಪರೀಕ್ಷಿಸಿಕೊಳ್ಳಿ.