ಹತ್ತು ರೂಪಾಯಿಯ ಬ್ಯಾಂಕು

ಮಕ್ಕಳೇ, ಸಂತೆಯ ದಿನ ಪೇಟೆಗೆ ಹೋದಾಗ ರಸ್ತೆಯ ಎರಡೂ ಬದಿಗೆ ಯಾರು ಯಾರು ಕುಳಿತಿರುತ್ತಾರೆ? ನೆನಪಿಸಿಕೊಳ್ಳಿರಿ. ತಟ್ಟು ಹಾಸಿ ಮೆಂತೆಪಲ್ಲೆ, ಕೊತ್ತಂಬರಿಯ ಸೂಡುಗಳನ್ನು ಜೋಡಿಸಿಟ್ಟ ಅಕ್ಕ ಇರುತ್ತಾಳೆ. ಕೈಗಾಡಿಯ ಮೇಲೆ ಬಾಳೆಹಣ್ಣು ಮಾರುವ ಕಾಕಾ ಇರುತ್ತಾರೆ. ಬಳೆ ಮಾರುವವರು, ಚಪ್ಪಲಿ ಹೊಲಿಯುವವರು, ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವರು ಇರುತ್ತಾರೆ. ನಮ್ಮ ಸೊಲ್ಲಾಪುರದ ಕಡೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಲ್ಲಿಯೇ ಮಾಡಿ ಮಾರುವ ತಾಯಂದಿರೂ ಬಹಳ ಜನರಿದ್ದಾರೆ.

ಇವರಿಗೆ ಯಾರೂ ತಿಂಗಳ ಸಂಬಳ ಕೊಡುವುದಿಲ್ಲ. ರಜೆಯ ದಿನಕ್ಕೆ ಪಗಾರವಿಲ್ಲ. ಮುಪ್ಪಿನಲ್ಲಿ ಪಿಂಚಣಿಯಿಲ್ಲ. ಇವರ ಹೆಸರು ಯಾವ ಕಚೇರಿಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಇಂಥ ದುಡಿಮೆಯನ್ನು ‘ಅಸಂಘಟಿತ ಉದ್ಯೋಗ’ ಎನ್ನುತ್ತಾರೆ. ನಮ್ಮ ದೇಶದಲ್ಲಿ ದುಡಿಯುವ ಪ್ರತಿ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಜನ ಹೀಗೆಯೇ ದುಡಿಯುತ್ತಾರೆ. ಆಫ್ರಿಕಾದ ಮತ್ತು ಏಷ್ಯಾದ ಇನ್ನೂ ಅನೇಕ ದೇಶಗಳಲ್ಲಿಯೂ ಇದೇ ಸ್ಥಿತಿ ಇದೆ.

ಒಂದು ದಿನದ ಲೆಕ್ಕ

ಕಾಯಿಪಲ್ಲೆ ಮಾರುವವಳು ನಸುಕಿನಲ್ಲಿಯೇ ಏಳುತ್ತಾಳೆ. ದೊಡ್ಡ ಮಾರುಕಟ್ಟೆಗೆ ಹೋಗಿ ಸವಾಲಿನಲ್ಲಿ ಪಲ್ಲೆ ಕೊಳ್ಳುತ್ತಾಳೆ. ಕೊಳ್ಳಲು ಹಣ ಬೇಕಲ್ಲವೇ? ಕೈಯಲ್ಲಿ ಹಣವಿಲ್ಲದಿದ್ದರೆ ಸಾಲ ಮಾಡಲೇಬೇಕು. ಬೆಳಿಗ್ಗೆ ಸಾಲ ಕೊಟ್ಟು ಸಂಜೆ ಬಡ್ಡಿ ಸಹಿತ ವಸೂಲು ಮಾಡುವ ಸಾಹುಕಾರರು ಅನೇಕ ಪೇಟೆಗಳಲ್ಲಿದ್ದಾರೆ.

ಅವಳು ಬೆಳಿಗ್ಗೆ 500 ರೂಪಾಯಿ ಸಾಲ ತಂದು, ಸಂಜೆ 550 ರೂಪಾಯಿ ಮರಳಿ ಕೊಡಬೇಕು ಎಂದುಕೊಳ್ಳೋಣ. ಒಂದು ದಿನದ ಬಡ್ಡಿ 50 ರೂಪಾಯಿ. ಮರುದಿನ ಮತ್ತೆ ಅದೇ 500, ಮತ್ತೆ 50. ಹೀಗೆ 30 ದಿನಗಳಿಗೆ ಎಷ್ಟಾಯಿತು? 1500 ರೂಪಾಯಿ! 500 ರೂಪಾಯಿಯ ಸಾಲಕ್ಕೆ ಅದರ ಮೂರು ಪಟ್ಟು ಬಡ್ಡಿ. ಅಷ್ಟೇ ಹಣವನ್ನು ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ತಂದಿದ್ದರೆ ಇಡೀ ತಿಂಗಳಿಗೆ ಬಡ್ಡಿ 5 ರೂಪಾಯಿ ಆಗುತ್ತಿತ್ತು.

‘500 ರೂಪಾಯಿ ಕೂಡಿಟ್ಟರೆ ಸಾಲವೇ ಬೇಡವಲ್ಲ’ ಎಂದು ನೀವು ಕೇಳಬಹುದು. ಅವಳ ಆಸೆಯೂ ಅದೇ. ಆದರೆ ಪಲ್ಲೆ ಸಂಜೆಯ ಹೊತ್ತಿಗೆ ಬಾಡುತ್ತದೆ. ಉಳಿದದ್ದನ್ನು ಬಂದ ಬೆಲೆಗೆ ಮಾರಬೇಕು. ಮಳೆ ಬಂದ ದಿನ ಗಿರಾಕಿಗಳಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಂದಿನ ವ್ಯಾಪಾರ ಬಂದ್. ಔಷಧಕ್ಕೆ ಬೇರೆ ಖರ್ಚು. ಕೂಡಿಟ್ಟ ಹಣ ಹೀಗೆ ಕರಗಿ ಹೋಗುತ್ತದೆ.

ಆಸೆಗಳು ಮತ್ತು ಅಡ್ಡಿಗಳು

ಬೀದಿಯ ವ್ಯಾಪಾರಿಗಳ ಆಸೆಗಳು ದೊಡ್ಡವಲ್ಲ. ತಲೆಯ ಮೇಲಿನ ಬುಟ್ಟಿಯ ಬದಲು ಒಂದು ಕೈಗಾಡಿ. ಕೈಗಾಡಿಯ ಬದಲು ಒಂದು ಪುಟ್ಟ ಅಂಗಡಿ. ಮಳೆ ಬಿಸಿಲಿಗೆ ನೆರಳು. ಮಕ್ಕಳಿಗೆ ಶಾಲೆ.

ಇವರು ಕೆಲಸಕ್ಕೆ ಅಂಜುವವರಲ್ಲ. ಯಾವ ಗಿರಾಕಿಗೆ ಏನು ಬೇಕು, ಯಾವ ದಿನ ಯಾವ ಮಾಲು ಖರ್ಚಾಗುತ್ತದೆ ಎಂಬುದನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಾದರೆ ಅಡ್ಡಿ ಎಲ್ಲಿದೆ? ಮುಖ್ಯವಾಗಿ ಮೂರು ಕಡೆ: ಬಂಡವಾಳ, ಜಾಗ ಮತ್ತು ಕಾಗದಪತ್ರ. ಈ ಮೂರೂ ಒಂದಕ್ಕೊಂದು ಗಂಟುಬಿದ್ದಿವೆ. ಬ್ಯಾಂಕಿನವರು ಸಾಲ ಕೊಡುವಾಗ ಅಂಗಡಿಯ ಕಾಗದ ಕೇಳುತ್ತಾರೆ. ರಸ್ತೆಯ ಬದಿಗೆ ಕುಳಿತವರ ಬಳಿ ಅಂಥ ಕಾಗದ ಎಲ್ಲಿಂದ ಬರಬೇಕು? ಇದಲ್ಲದೆ, ಸಾಲ ಚಿಕ್ಕದಾದರೂ ಬರೆಯುವ ಲೆಕ್ಕ, ತುಂಬುವ ಅರ್ಜಿ ಕಡಿಮೆಯಾಗುವುದಿಲ್ಲ. ಆದುದರಿಂದ ಬ್ಯಾಂಕುಗಳು ಚಿಕ್ಕ ಸಾಲ ಕೊಡಲು ಮುಂದೆ ಬರುತ್ತಿರಲಿಲ್ಲ.

ಅಹಮದಾಬಾದಿನ ಮಹಿಳೆಯರು

ಗುಜರಾತದ ಅಹಮದಾಬಾದು ಸೊಲ್ಲಾಪುರದಂತೆಯೇ ಬಟ್ಟೆಯ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿಯ ಗಿರಣಿ ಕಾರ್ಮಿಕರ ಸಂಘದಲ್ಲಿ ಇಳಾ ಭಟ್ ಎಂಬ ವಕೀಲೆ ಕೆಲಸ ಮಾಡುತ್ತಿದ್ದರು. ಗಿರಣಿಯ ಕೆಲಸಗಾರರಿಗೆ ಸಂಘವಿದೆ, ಕಾನೂನಿದೆ. ಆದರೆ ತಲೆಯ ಮೇಲೆ ಬಟ್ಟೆಯ ಗಂಟು ಹೊರುವ, ಕಾಯಿಪಲ್ಲೆ ಮಾರುವ, ಮನೆಯಲ್ಲಿ ಕುಳಿತು ಹೊಲಿಯುವ ಮಹಿಳೆಯರಿಗೆ ಯಾರೂ ಇಲ್ಲ. ಇದನ್ನು ಕಂಡ ಇಳಾ ಭಟ್ ಅವರು 1972ರಲ್ಲಿ ಇಂಥ ಮಹಿಳೆಯರ ಸಂಘವನ್ನು ಕಟ್ಟಿದರು. ಅದರ ಹೆಸರು ‘ಸೇವಾ’.

ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ಒಪ್ಪಲಿಲ್ಲ. ‘ನಿಮಗೆ ಮಾಲೀಕರೇ ಇಲ್ಲ. ಹಾಗಿದ್ದ ಮೇಲೆ ಯಾರ ವಿರುದ್ಧ ಸಂಘ?’ ಎಂಬುದು ಅವರ ಪ್ರಶ್ನೆ. ಸಂಘವಿರುವುದು ಯಾರದೋ ವಿರುದ್ಧ ಹೋರಾಡಲಿಕ್ಕೆ ಅಷ್ಟೇ ಅಲ್ಲ, ದುಡಿಯುವವರು ಒಂದಾಗಲಿಕ್ಕೆ ಎಂದು ಇಳಾ ಭಟ್ ವಾದಿಸಿದರು. ಕೊನೆಗೆ ನೋಂದಣಿಯಾಯಿತು.

ಸಂಘದ ಸಭೆಗಳಲ್ಲಿ ಸಾಲದ ಮಾತೇ ಮತ್ತೆ ಮತ್ತೆ ಬರುತ್ತಿತ್ತು. ಹಳೆಯ ಬಟ್ಟೆಯ ವ್ಯಾಪಾರ ಮಾಡುವ ಒಬ್ಬ ಮಹಿಳೆ, ನಮ್ಮದೇ ಒಂದು ಬ್ಯಾಂಕು ಏಕಿರಬಾರದು ಎಂದು ಕೇಳಿದಳು. ನಾವು ಬಡವರು ನಿಜ, ಆದರೆ ಬಹಳ ಜನರಿದ್ದೇವೆ ಎಂಬುದು ಅವಳ ವಾದ. ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. 4000 ಮಹಿಳೆಯರು ತಲೆಗೆ ಹತ್ತು ಹತ್ತು ರೂಪಾಯಿ ಪಾಲು ಹಾಕಿದರು. 1974ರಲ್ಲಿ ಅವರದೇ ಸಹಕಾರಿ ಬ್ಯಾಂಕು ಪ್ರಾರಂಭವಾಯಿತು.

ಮುಂದಾಳುಗಳಾದ ಮಹಿಳೆಯರಲ್ಲಿ ಅನೇಕರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರು ಬರೆಯುವುದನ್ನು ಕಲಿತರು! ಓದು ಬಾರದ ಖಾತೆದಾರರನ್ನು ಗುರುತಿಸಲು ಬ್ಯಾಂಕು ಅವರ ಫೋಟೋ ಅಂಟಿಸುವ ಪದ್ಧತಿ ಮಾಡಿತು. ಈ ಬ್ಯಾಂಕು ಮೊದಲು ಉಳಿತಾಯದ ರೂಢಿ ಬೆಳೆಸಿತು. ಮುಂದೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು. ಬಡವರು ಸಾಲ ಮುಳುಗಿಸುತ್ತಾರೆ ಎಂದು ಹೇಳುತ್ತಿದ್ದವರ ಮಾತು ಸುಳ್ಳಾಯಿತು. ಹೆಚ್ಚಿನ ಮಹಿಳೆಯರು ಸಾಲವನ್ನು ಸರಿಯಾಗಿ ಮರಳಿ ಕಟ್ಟಿದರು. ಇಳಾ ಭಟ್ ಅವರು 2022ರಲ್ಲಿ ತೀರಿಕೊಂಡರು. ಆದರೆ ಅವರು ಕಟ್ಟಿದ ಸಂಘ ಇಂದಿಗೂ ಅನೇಕ ರಾಜ್ಯಗಳಲ್ಲಿ ಕೆಲಸ ಮಾಡುತ್ತಿದೆ.

ಕೂಡಲು ಜಾಗ

ಬಂಡವಾಳ ಸಿಕ್ಕರೆ ಎಲ್ಲ ತೊಂದರೆಯೂ ತೀರುವುದೇ? ಇಲ್ಲ. ಸಾಲ ಮಾಡಿ ಹೊಸ ಕೈಗಾಡಿ ತಂದ ಮೇಲೆ ನಿಲ್ಲಿಸುವ ಜಾಗವೇ ಹೋದರೆ ಆ ಸಾಲ ಭಾರವಾಗುತ್ತದೆ. ಮಾಲು ಜಪ್ತಿಯಾದರೆ ಒಂದು ವಾರದ ಗಳಿಕೆ ಒಂದು ತಾಸಿನಲ್ಲಿ ಹೋಗುತ್ತದೆ.

ಇನ್ನೊಂದು ಬದಿಯನ್ನೂ ನಾವು ನೋಡಬೇಕು. ರಸ್ತೆ ಎಲ್ಲರಿಗೂ ಸೇರಿದ್ದು. ನಡೆಯುವವರಿಗೆ ದಾರಿ ಬೇಕು. ರೋಗಿಯನ್ನು ಒಯ್ಯುವ ಆಂಬುಲೆನ್ಸಿಗೂ ದಾರಿ ಬೇಕು. ಹಾಗಾದರೆ ಯಾರ ಮಾತು ಸರಿ? 1989ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ನಿಯಮಕ್ಕೆ ಒಳಪಟ್ಟು ರಸ್ತೆಯ ಬದಿಗೆ ವ್ಯಾಪಾರ ಮಾಡುವುದು ಕೂಡ ನಾಗರಿಕರ ಹಕ್ಕು ಎಂದು ಅದು ಹೇಳಿತು.

2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿಯೇ ಸಂಸತ್ತು ಕಾನೂನು ಮಾಡಿತು. ಅದರಂತೆ ಪ್ರತಿಯೊಂದು ಪಟ್ಟಣದಲ್ಲಿ ಬೀದಿ ವ್ಯಾಪಾರಿಗಳ ಗಣತಿಯಾಗಬೇಕು. ಅವರಿಗೆ ಪ್ರಮಾಣಪತ್ರ ಕೊಡಬೇಕು. ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನು ಗೊತ್ತುಪಡಿಸಬೇಕು. ಇದಕ್ಕಾಗಿ ಒಂದು ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ನಲವತ್ತರಷ್ಟಾದರೂ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಕಾನೂನು ಒಳ್ಳೆಯದು. ಆದರೆ ಈ ಕೆಲಸ ಎಲ್ಲ ಪಟ್ಟಣಗಳಲ್ಲಿಯೂ ಪೂರ್ತಿಯಾಗಿಲ್ಲ.

2020ರಲ್ಲಿ ಕೊರೋನಾ ರೋಗದಿಂದಾಗಿ ಲಾಕ್‌ಡೌನ್ ಆಯಿತು. ಬೀದಿಯ ವ್ಯಾಪಾರಿಗಳು ಇದ್ದ ಬಂಡವಾಳವನ್ನು ಊಟಕ್ಕೆ ಖರ್ಚು ಮಾಡಿದರು. ಆಗ ಕೇಂದ್ರ ಸರಕಾರವು ‘ಪಿಎಂ ಸ್ವನಿಧಿ’ ಯೋಜನೆಯನ್ನು ತಂದಿತು. ಏನನ್ನೂ ಒತ್ತೆ ಇಡದೆ ಮೊದಲ ಸಲ 10,000 ರೂಪಾಯಿಯವರೆಗೆ ಸಾಲ ಸಿಗುವಂತಾಯಿತು. 2025ರಲ್ಲಿ ಈ ಮೊತ್ತವನ್ನು 15,000 ರೂಪಾಯಿಗೆ ಏರಿಸಲಾಯಿತು. ಸರಿಯಾಗಿ ತೀರಿಸಿದವರಿಗೆ ಮುಂದೆ ಇನ್ನೂ ಹೆಚ್ಚಿನ ಸಾಲ ಸಿಗುತ್ತದೆ. ಆದರೆ ಇದಕ್ಕೂ ವ್ಯಾಪಾರಿ ಎಂಬುದಕ್ಕೆ ಪುರಾವೆ ಬೇಕು. ಪಟ್ಟಿಯಲ್ಲಿ ಹೆಸರು ಸೇರುವುದು ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಮಕ್ಕಳೇ, ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯನ್ನು ಸುಮ್ಮನೆ ಕೊಡುವ ನಾವು, ಬೀದಿಯಲ್ಲಿ ಎರಡು ರೂಪಾಯಿಗಾಗಿ ಹಟ ಮಾಡುತ್ತೇವೆ. ಇನ್ನು ಮುಂದೆ ಕೊತ್ತಂಬರಿ ಸೂಡಿಗೆ ಚೌಕಾಶಿ ಮಾಡುವ ಮೊದಲು ಆ ಒಂದು ದಿನದ ಲೆಕ್ಕವನ್ನು ನೆನಪಿಡಿರಿ.

ಪದಗಳ ಅರ್ಥ
ಸೂಡು – ಕಟ್ಟು
ಸವಾಲು – ಲಿಲಾವು, ಹರಾಜು
ಪಾಲು – ಭಾಗ, ಶೇರು
ಜಪ್ತಿ – ಸರಕಾರದವರು ವಶಪಡಿಸಿಕೊಳ್ಳುವುದು
ಒತ್ತೆ – ಅಡವು

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸೇವಾ’ ಸಂಘವನ್ನು ಯಾರು, ಎಂದು ಕಟ್ಟಿದರು?
2. ಮುಂದಾಳುಗಳಾದ ಮಹಿಳೆಯರು ರಾತ್ರಿಯೆಲ್ಲ ಕುಳಿತು ಏನನ್ನು ಕಲಿತರು?
ಆ) ಕಾರಣ ಕೊಡಿರಿ.
1. ಬ್ಯಾಂಕುಗಳು ಚಿಕ್ಕ ಸಾಲ ಕೊಡಲು ಮುಂದೆ ಬರುತ್ತಿರಲಿಲ್ಲ.
2. ಬಂಡವಾಳ ಸಿಕ್ಕರೂ ಜಾಗ ಬೇಕು.
ಇ) ಲೆಕ್ಕ ಮಾಡಿರಿ.
4000 ಮಹಿಳೆಯರು ತಲೆಗೆ ಹತ್ತು ರೂಪಾಯಿ ಕೊಟ್ಟರೆ ಒಟ್ಟು ಎಷ್ಟು ಹಣ ಕೂಡುತ್ತದೆ?
ಈ) ಮಾಡಿ ನೋಡಿರಿ.
ನಿಮ್ಮ ಊರಿನ ಒಬ್ಬ ಬೀದಿ ವ್ಯಾಪಾರಿಯನ್ನು ಕಂಡು, ಅವರ ಕೆಲಸ ಎಷ್ಟು ಗಂಟೆಗೆ ಪ್ರಾರಂಭವಾಗುತ್ತದೆ, ಅವರ ಆಸೆ ಏನು ಎಂದು ಕೇಳಿ ಐದು ವಾಕ್ಯ ಬರೆಯಿರಿ.