ರಕ್ಕಸನ ಬೂದಿಯಲ್ಲಿ ಸಿಕ್ಕ ದನದ ಹೆಜ್ಜೆ

ಭದ್ರಾ ನಾಲೆಯ ನೀರುಂಡು ಬೆಳೆಯುವ ಕೊಕ್ಕನೂರು, ಮಲೇಬೆನ್ನೂರು ಕಡೆಯ ಭತ್ತದ ಗದ್ದೆಗಳನ್ನು ನೋಡಿದವರಿಗೆ, ಇಲ್ಲಿಂದ ಮೂಡಲಿಗೆ ಹೊರಟರೆ ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳ ರಾಜ್ಯ ಶುರುವಾಗುತ್ತದೆ ಎಂದರೆ ನಂಬಿಕೆ ಬರಲಿಕ್ಕಿಲ್ಲ. ನಾಲೆ ಬಂದದ್ದು ಮೊನ್ನೆ ಮೊನ್ನೆ. ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸ ಮುಗಿದದ್ದೇ 1965ರಲ್ಲಿ. ಅದೇ ವರ್ಷ ತುಂಗಭದ್ರೆಯ ಆಚೆ ದಡದಲ್ಲಿ, ಹಿರೇಕೆರೂರು ಸೀಮೆಯ ಹಳ್ಳೂರಿನಲ್ಲಿ, ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ನೆಲ ಅಗೆಸುತ್ತಿದ್ದರು. ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಮಡಕೆ ಚೂರು, ದುಂಡನೆಯ ಗುಡಿಸಲುಗಳ ನೆಲ, ಮೇಲಿನ ಪದರಗಳಲ್ಲಿ ಕಬ್ಬಿಣ, ಎಲ್ಲ ಸಿಕ್ಕವು. ಮೂಳೆಗಳನ್ನು ನೋಡಿ ಹೇಳಿದವರು ಪಶುವೈದ್ಯ ಕೆ.ಆರ್. ಆಲೂರ. ನನಗೆ ಇಲ್ಲಿ ಬೇಕಾದದ್ದು ಹಳ್ಳೂರಿನಲ್ಲಿ ಇಲ್ಲದ ಒಂದು ವಸ್ತು: ಬೂದಿ ದಿಬ್ಬ.

ಹೊಳೆಯ ಜಾಡು ಹಿಡಿದು ಕೆಳಗಿಳಿದು ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಸೀಮೆಗೆ ಹೋದರೆ ಆ ದಿಬ್ಬಗಳು ಕಾಣಸಿಗುತ್ತವೆ. ಆಂಧ್ರ, ತೆಲಂಗಾಣದವನ್ನೂ ಸೇರಿಸಿದರೆ ನೂರಕ್ಕೂ ಹೆಚ್ಚು. ಕೆಲವು ಆಳೆತ್ತರ, ಕೆಲವು ಸಣ್ಣ ಗುಡ್ಡದಷ್ಟು. ಒಂದು ಕಡೆ ಮೆತ್ತನೆಯ ಬಿಳಿ ಬೂದಿ, ಇನ್ನೊಂದು ಕಡೆ ಕರಗಿ ಹೆಪ್ಪುಗಟ್ಟಿದ, ತೂತು ತೂತಾದ, ಗಾಜಿನಂಥ ಕಿಟ್ಟ. ಸುತ್ತಲಿನ ಜನ ಇದಕ್ಕೆ ತಮ್ಮದೇ ವಿವರಣೆ ಕೊಟ್ಟಿದ್ದರು. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದರು ಕೆಲವರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಇವತ್ತಿಗೂ ವಾಲಿಯ ಚಿತೆ ಎನ್ನುತ್ತಾರೆ.

ಮದರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಇವುಗಳನ್ನು ನೋಡಿ, ಜನರ ಕತೆಗಳನ್ನೂ ಕೇಳಿ, 1843ರಲ್ಲಿ ಲೇಖನ ಬರೆದ. ಅಲ್ಲಿಂದ ಮುಂದೆ ವಿದ್ವಾಂಸರ ಸರದಿ. ಜ್ವಾಲಾಮುಖಿಯೇ? ಕಬ್ಬಿಣದ ಕುಲುಮೆಯೇ? ಸುಣ್ಣದ ಗೂಡೇ? ಯುದ್ಧದಲ್ಲಿ ಸತ್ತವರ ಸಾಮೂಹಿಕ ದಹನವೇ, ವಿಜಯನಗರದ ಕಾಲದಲ್ಲಿ ಸತಿ ಹೋದವರ ಚಿತೆಗಳೇ? ಈ ಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಹಳ್ಳಿಯವರ ರಕ್ಕಸನಿಗೂ ಪಂಡಿತರ ರಾಜರಾಣಿಯರಿಗೂ ಹೆಚ್ಚು ಅಂತರವೇನಿರಲಿಲ್ಲ. ಇಷ್ಟು ದೊಡ್ಡ ಬೂದಿ ರಾಶಿ ಎಂದರೆ ದೊಡ್ಡವರದೇ ಆಗಿರಬೇಕು ಎಂಬುದು ಇಬ್ಬರ ಲೆಕ್ಕವೂ ಆಗಿತ್ತು.

ಲೆಕ್ಕ ತಪ್ಪಿಸಿದವನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯ ನೌಕರ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತಕ್ಕೂ ಅಷ್ಟು ಹಳೆಯ ಮನುಷ್ಯ ಚರಿತ್ರೆ ಇದೆಯೆಂದು ತೋರಿಸಿದವನು. ಬಳ್ಳಾರಿ ಸೀಮೆಯ ಬಂಡೆಗಳನ್ನು ಅಳೆಯುತ್ತ ತಿರುಗುವಾಗ ಕುಡತಿನಿಯ ದಿಬ್ಬವನ್ನೂ ಕೆದಕಿದ. ಸಿಕ್ಕದ್ದು ದನದ ಮೂಳೆ, ಕಲ್ಲಿನ ಕೊಡಲಿ, ಮಡಕೆ ಚೂರು. ಹಾಗಾದರೆ ಇದು ವಿಜಯನಗರದ್ದೂ ಅಲ್ಲ, ರಕ್ಕಸರದ್ದೂ ಅಲ್ಲ, ನವಶಿಲಾಯುಗದ್ದು. ಬೂದಿ ಯಾವುದರದ್ದು ಎಂಬುದಕ್ಕೆ ಅವನ ಉತ್ತರ ಇನ್ನೂ ಸರಳ: ಸಗಣಿ. ದನ ಕೂಡುತ್ತಿದ್ದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಬೆಂಕಿ ಬಿದ್ದಿದೆ, ಅಷ್ಟೆ.

ಆ ಮಾತು ಹೆಚ್ಚಿನವರಿಗೆ ರುಚಿಸಲಿಲ್ಲ. ಅದು ಸರಿಯಾದ ಪರೀಕ್ಷೆಗೆ ಒಳಪಡಲು ಹಲವು ದಶಕಗಳೇ ಬೇಕಾದವು. 1957ರಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಪದರ ಪದರವಾಗಿ ಬಿಡಿಸಿದರು. ಕೆಳಗೆ ಸಾಲಾಗಿ ಗೂಟದ ಗುಳಿಗಳು, ಅಂದರೆ ಮರದ ಕಾಂಡಗಳನ್ನು ನೆಟ್ಟು ಕಟ್ಟಿದ ದೊಡ್ಡಿಯ ಬೇಲಿ. ಆ ಬೇಲಿಯ ಒಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ದೊಡ್ಡಿಗೆ ಬೆಂಕಿ ಬಿದ್ದಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜ್ಯೂನರ್ ಎಂಬ ವಿಜ್ಞಾನಿ ಬಳ್ಳಾರಿಯ ಕಿಟ್ಟವನ್ನು ಪರೀಕ್ಷಿಸಿ, ಇದು ಸುಟ್ಟ ಸಗಣಿಯೇ ಎಂದು ಖಚಿತಪಡಿಸಿದರು. ಗಾಜಾದದ್ದು ಹೇಗೆ ಎನ್ನುವಿರಾ? ಹುಲ್ಲಿನ ಎಸಳಿನಲ್ಲಿ ಮರಳಿನಲ್ಲಿರುವ ಸಿಲಿಕವೇ ಇದೆ. ಎಸಳಿನ ಅಂಚು ಕೈ ಕೊಯ್ಯುವುದರಲ್ಲಿ ಅದರ ಪಾತ್ರವೂ ಉಂಟು. ದನ ಹುಲ್ಲು ತಿಂದರೂ ಸಿಲಿಕ ಕರಗದೆ ಸಗಣಿಯಲ್ಲೇ ಉಳಿಯುತ್ತದೆ. ರಾಶಿ ಬಹುಕಾಲ ಬಲವಾಗಿ ಉರಿದರೆ ಅದು ಬೂದಿಯ ಕ್ಷಾರದೊಂದಿಗೆ ಕರಗಿ ಹೆಪ್ಪುಗಟ್ಟುತ್ತದೆ. ಅಂದರೆ ಆ ದಿಬ್ಬಗಳಲ್ಲಿ ಇರುವುದು ಐದು ಸಾವಿರ ವರ್ಷಗಳ ಹಿಂದಿನ ಹುಲ್ಲುಗಾವಲೇ.

ಇಲ್ಲಿಂದ ಕತೆ ಭೂಗೋಳಕ್ಕೆ ತಿರುಗುತ್ತದೆ. ದಿಬ್ಬಗಳು ಎಲ್ಲೆಂದರಲ್ಲಿ ಇಲ್ಲ. ಮಲೆನಾಡಿನಲ್ಲಿಲ್ಲ, ಕರಾವಳಿಯಲ್ಲಿಲ್ಲ, ಮಳೆ ಹೆಚ್ಚಿರುವ ನಮ್ಮ ಹೊಳೆಸಾಲಿನ ಹಳ್ಳೂರಿನಲ್ಲೂ ಇಲ್ಲ. ಅವು ಇರುವುದು ವರ್ಷಕ್ಕೆ 500ರಿಂದ 700 ಮಿಲಿಮೀಟರ್ ಮಳೆ ಬೀಳುವ, ಕಣಶಿಲೆಯ ಗುಡ್ಡಗಳು ಎದ್ದು ನಿಂತ ಬಯಲಲ್ಲಿ. ಅಲ್ಲಿ ದಟ್ಟ ಕಾಡಿಗೆ ನೀರು ಸಾಲದು, ಹುಲ್ಲಿಗೆ ಸಾಕು. ಮುಂಗಾರು ಬಿದ್ದರೆ ಬಯಲು ಹಸಿರಾಗುತ್ತದೆ. ಗುಡ್ಡದ ಬಂಡೆಗಳ ನಡುವೆ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಮಂದೆ ಹೊಳೆ ಹಳ್ಳದ ಕಡೆಗೆ ನಡೆಯಬೇಕು. ಈ ಸುತ್ತಾಟವೇ ಆ ದನಗಾಹಿಗಳ ಕ್ಯಾಲೆಂಡರು. ಜಗಳೂರು, ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳನ್ನೂ ಅವುಗಳ ಮುಳ್ಳುಬೇಲಿಗಳನ್ನೂ ಬಲ್ಲ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲ್ಚಿನ್ ಕೂಡ ಈಗಿನ ದನಗಾಹಿಗಳ ಬದುಕಿನತ್ತಲೇ ನೋಡಿದರು. ಗುಂಡಿ ತೋಡಿ ಸುಮ್ಮನಾಗದೆ, ದನ ಸಾಕುವವರ ಹಬ್ಬ ಹುಣ್ಣಿಮೆಗಳನ್ನು ಓದಿದರು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯಂಥವುಗಳಲ್ಲಿ ಆ ಹಳೆಯ ಬೆಂಕಿಯ ನೆನಪಿರಬಹುದು ಎಂದು 1963ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ಆದರೂ ಒಬ್ಬ ರೈತ ಕೇಳುವ ಪ್ರಶ್ನೆ ಉಳಿಯಿತು. ಸಗಣಿಯನ್ನು ಯಾರಾದರೂ ಸುಮ್ಮನೆ ಸುಡುತ್ತಾರೆಯೇ? ಗೊಬ್ಬರ ಮಾಡಿದರೆ ಹೊಲಕ್ಕೆ ಬಂಗಾರ. ಹೊಲವೇ ಬದುಕಿನ ನಡುವೆ ಇರಲಿಲ್ಲ ಎಂಬುದೇ ಇದಕ್ಕೆ ಉತ್ತರವೆಂದು ನನಗೆ ತೋರುತ್ತದೆ. ಅವರ ಐಶ್ವರ್ಯ ನಾಲ್ಕು ಕಾಲಿನ ಮೇಲೆ ನಡೆಯುತ್ತಿತ್ತು. ಹಾಗಂತ ಅವರು ಬರೀ ಅಲೆಮಾರಿಗಳೂ ಅಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1989ರಿಂದ ಹಲವು ವರ್ಷ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಮನೆಗಳು, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳು, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ, ದನ ಕಡಿದು ಪಾಲು ಮಾಡುತ್ತಿದ್ದ ನೆಲ ಸಿಕ್ಕವು. ಅದು ಊರು. ಬೆಂಕಿ ಹಚ್ಚಿದ್ದು ನೊಣ ಉಣ್ಣೆಗಳ ಕಾಟಕ್ಕೋ ಹಬ್ಬಕ್ಕೋ ಎಂಬ ಜಗಳ ವಿದ್ವಾಂಸರಲ್ಲಿ ಈಗಲೂ ಇದೆ. ಎರಡೂ ಯಾಕಾಗಬಾರದು?

ದನದ ತಳಿ ಸಿಂಧೂ ಕಡೆಯಿಂದ ಬಂದದ್ದು, ಕುರಿ ಮೇಕೆಗಳೂ ಹೊರಗಿನವು. ಆದರೆ ಊಟದ ಕಾಳು ಇಲ್ಲಿಯದೇ. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರುಗಳ ಮಣ್ಣನ್ನು ನೀರಲ್ಲಿ ತೇಲಿಸಿ, ಸುಟ್ಟ ಕಾಳುಗಳನ್ನು ಆರಿಸಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರಿಗೆ ಸಿಕ್ಕವು ಹುರುಳಿ, ಹೆಸರು, ಕೊರಲೆ. ಕೊರಲೆ ಅಂದರೆ ಹುಲ್ಲೇ. ದನಕ್ಕೆ ಎಸಳು, ಮನುಷ್ಯನಿಗೆ ತೆನೆ. ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ ಬೇಸಾಯ ಬಲಿಯುತ್ತ ಹೋದಂತೆ ಹೊಸ ದಿಬ್ಬಗಳು ಏಳುವುದು ನಿಂತಿತು.

ಆದರೆ ಹುಲ್ಲುಗಾವಲು ನಿಲ್ಲಲಿಲ್ಲ. ಮೈಸೂರು ಅರಸರು ಅಂಥದೇ ಬಯಲುಗಳಲ್ಲಿ ದಂಡಿನ ಎತ್ತು ಬೆಳೆಸಲು ಮೇವಿನ ಕಾವಲುಗಳನ್ನು ಇಟ್ಟರು. ಚಿಕ್ಕದೇವರಾಜರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ಕಾವಲುಗಳಲ್ಲಿ ಚಳ್ಳಕೆರೆಯ ಉಳ್ಳಾರ್ತಿಯ ಭಾಗ ನಮ್ಮ ಕಣ್ಣೆದುರೇ ಸಂಸ್ಥೆಗಳ ಕಾಂಪೌಂಡಿನೊಳಗೆ ಹೋಯಿತು. ದೇಶದ ಪಾಳುಭೂಮಿ ನಕ್ಷೆಯಲ್ಲಿ ಹುಲ್ಲಿನ ಬಯಲುಗಳೂ ಪಾಳಿನ ಲೆಕ್ಕಕ್ಕೇ ಸೇರುತ್ತವೆ. ಸಾವಿರಕ್ಕೂ ಹೆಚ್ಚು ವರ್ಷ ಊರುಗಳನ್ನು ಸಾಕಿದ ನೆಲವನ್ನು ಪಾಳು ಎಂದು ಬರೆಯುವವರಿಗೆ ಈ ದಿಬ್ಬಗಳನ್ನು ಒಮ್ಮೆ ತೋರಿಸಬೇಕು.

ಕುಡತಿನಿಯ ದಿಬ್ಬ ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಕಡೆಗೇ ಇದೆ. ಹೊಸಪೇಟೆಗೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ನೋಡಿ ಬನ್ನಿ. ಗೊಬ್ಬರಕ್ಕೆಂದೋ ಮಣ್ಣಿಗೆಂದೋ ಇಂಥ ದಿಬ್ಬವನ್ನು ಯಾರಾದರೂ ಅಗೆದು ಟ್ರ್ಯಾಕ್ಟರಿಗೆ ತುಂಬುತ್ತಿದ್ದರೆ ತಹಶೀಲ್ದಾರರ ಕಚೇರಿಗೆ ಒಂದು ಮಾತು ತಿಳಿಸಿ.