ನೆಲದಲ್ಲೇ ಕಟ್ಟಿ ಮೇಲಕ್ಕೆತ್ತಿದ ಚಾವಣಿ

ಬಾರ್ಸಿಲೋನಾಕ್ಕೆ ಹೋದವರು ಗೌಡಿ ವಿನ್ಯಾಸದ ಸಗ್ರಾದಾ ಫಮೀಲಿಯಾ ಚರ್ಚಿನ ಮುಂದೆ ಸಾಲು ನಿಲ್ಲುತ್ತಾರೆ. ಫುಟ್‌ಬಾಲ್ ಹುಚ್ಚಿನವರಾದರೆ ಕ್ಯಾಂಪ್ ನೌ ಕ್ರೀಡಾಂಗಣವನ್ನೂ ಬಿಡುವುದಿಲ್ಲ. ಆದರೆ ಬಂದರಿಗೆ ಅಂಟಿಕೊಂಡೇ ಎದ್ದಿರುವ ಮೊಂಜುಯಿಕ್ ಗುಡ್ಡ ಹತ್ತಿ ಪಲಾಉ ಸಂತ್ ಜೋರ್ಡಿಯನ್ನು ನೋಡಿ ಬರುವವರು ಕಡಿಮೆ. ಸುಮಾರು 17 ಸಾವಿರ ಜನ ಕೂರುವ ಈ ಒಳಾಂಗಣ ಕ್ರೀಡಾಂಗಣದಲ್ಲಿ ಆಟಗಳೂ ನಡೆಯುತ್ತವೆ, ದೊಡ್ಡ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. ಕಳೆದ ಶತಮಾನದ ಅತಿ ಜಾಣ ಕಟ್ಟಡಗಳಲ್ಲಿ ಇದೂ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1992ರ ಒಲಿಂಪಿಕ್ಸ್‌ಗೆಂದು ಇದನ್ನು ರೂಪಿಸಿದವರು ಜಪಾನಿನ ವಾಸ್ತುಶಿಲ್ಪಿ ಅರಾಟಾ ಇಸೊಜಾಕಿ. 2019ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು. ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಜೊತೆಗಿದ್ದ ಎಂಜಿನಿಯರ್ ಮಾಮೊರು ಕವಾಗುಚಿ ಅವರ ಹೆಸರು ಅಷ್ಟು ಕೇಳಿಬರುವುದಿಲ್ಲ. ಈ ಕಟ್ಟಡದ ಮಟ್ಟಿಗೆ ಅದು ಅನ್ಯಾಯವೇ ಸರಿ.

ನಡುವೆ ಒಂದೂ ಕಂಬವಿಲ್ಲದೆ, ನೂರು ಮೀಟರಿಗೂ ಹೆಚ್ಚು ಅಗಲದ ಗುಮ್ಮಟವನ್ನು ಸುಮಾರು 45 ಮೀಟರ್ ಎತ್ತರದಲ್ಲಿ ನಿಲ್ಲಿಸುವುದು ಹೇಗೆ? ರೂಢಿಯ ದಾರಿ ಎಂದರೆ ಅಷ್ಟೆತ್ತರಕ್ಕೂ ಸಾರುವೆ ಕಟ್ಟುವುದು, ಕೆಲಸಗಾರರನ್ನು ಅದರ ತುದಿಗೆ ಹತ್ತಿಸುವುದು. ಕವಾಗುಚಿ ಹಾಗೆ ಮಾಡಲಿಲ್ಲ. ಗುಮ್ಮಟ ಗಟ್ಟಿಯಾಗಿ ನಿಲ್ಲುವುದು ಅದನ್ನು ಸುತ್ತುವರಿದು ಬಿಗಿಹಿಡಿಯುವ ಬಳೆಗಳ ಬಲದಿಂದ. ಅಂಥ ಕೆಲವು ಬಳೆಗಳ ಕೊಂಡಿಗಳನ್ನು ತಾತ್ಕಾಲಿಕವಾಗಿ ಬಿಟ್ಟು, ಆ ಜಾಗಗಳಲ್ಲಿ ಕೀಲುಗಳನ್ನು ಇಟ್ಟರೆ ಇಡೀ ಗುಮ್ಮಟ ಮಡಚಿಕೊಳ್ಳುತ್ತದೆ. ಹೀಗೆ ಮಡಚಿದ ಸ್ಥಿತಿಯಲ್ಲೇ, ನೆಲಕ್ಕೆ ಹತ್ತಿರದಲ್ಲಿ, ಉಕ್ಕಿನ ಸರಳುಗಳನ್ನು ಜೋಡಿಸಿದರು. ಆಮೇಲೆ ಹೈಡ್ರಾಲಿಕ್ ಜಾಕ್‌ಗಳು ಅದನ್ನು ಇಂಚಿಂಚಾಗಿ ಮೇಲಕ್ಕೆ ತಳ್ಳಿದವು. ಬೇಕಾದ ಎತ್ತರ ಮುಟ್ಟಿದ ಮೇಲೆ ಬಿಟ್ಟಿದ್ದ ಕೊಂಡಿಗಳನ್ನು ಸೇರಿಸಿ ಬಿಗಿದರು. ಮಡಚಿದ್ದ ಕೊಡೆ ಬಿಚ್ಚಿದ ಹಾಗೆ ಗುಮ್ಮಟ ಅರಳಿ ನಿಂತಿತು.

ಇದರ ನಿಜವಾದ ಸೊಗಸು ಕೀಲುಗಳಲ್ಲಿದೆ. ಪ್ರತಿಯೊಂದು ಕೀಲೂ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಅವು ಸುತ್ತಲೂ ಉಂಗುರದಂತೆ ಇರುವುದರಿಂದ ಚಾವಣಿ ಮೇಲೆ ಕೆಳಗೆ ಮಾತ್ರ ಚಲಿಸಬಲ್ಲದು, ಪಕ್ಕಕ್ಕೆ ವಾಲಲಾರದು. ಅರ್ಧ ಏರಿದ ಹೊತ್ತಿಗೆ ಸಮುದ್ರದ ಗಾಳಿ ಬೀಸಿದರೂ, ಭೂಮಿ ಕಂಪಿಸಿದರೂ ಹಗ್ಗ ಕಟ್ಟಿ ಹಿಡಿದುಕೊಳ್ಳುವ ಅಗತ್ಯವಿಲ್ಲ. ಹೊದಿಕೆ, ದೀಪ, ಕೊಳವೆಗಳ ಕೆಲಸವನ್ನೂ ಎತ್ತುವ ಮೊದಲೇ ಬಹುಮಟ್ಟಿಗೆ ಮುಗಿಸಬಹುದು. ಹಣ, ಸಮಯ ಉಳಿಯುವುದು ಸರಿಯೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕೆಲಸಗಾರ ಬೀಳುವ ಭಯವಿಲ್ಲದೆ ದುಡಿಯಬಹುದು ಎಂಬ ಅಂಶ. ಕೂಲಿಯವನ ಜೀವದ ಬಗ್ಗೆ ಕಾಳಜಿ ನಕ್ಷೆಯಲ್ಲೇ ಅಡಗಿರುವ ಕಟ್ಟಡಗಳು ಎಷ್ಟಿವೆ?

ಈ ವಿಧಾನವನ್ನು ಕವಾಗುಚಿ ಮೊದಲು ಬಳಸಿದ್ದು 1984ರಲ್ಲಿ, ಜಪಾನಿನ ಕೋಬೆಯ ಕ್ರೀಡಾಭವನಕ್ಕೆ. ಸಿಂಗಪುರದ ಒಳಾಂಗಣ ಕ್ರೀಡಾಂಗಣದ ಚಾವಣಿಯನ್ನೂ ಹೀಗೆಯೇ ಎತ್ತಿದರು. ಬಾರ್ಸಿಲೋನಾದ್ದು 1990ರಲ್ಲಿ ಉದ್ಘಾಟನೆಯಾಯಿತು. ಮೂರೂ ಬಂದರು ನಗರಗಳೇ.

ಚಾವಣಿ ಸ್ಥಿರವಾಗಿದ್ದರೂ ಕೆಳಗಿನ ನೆಲ ಮಾತ್ರ ಬದಲಾಗುತ್ತಲೇ ಬಂದಿದೆ. 1992ರಲ್ಲಿ ಇಲ್ಲಿ ಜಿಮ್ನಾಸ್ಟಿಕ್ಸ್ ನಡೆದಾಗ ಬೆಲಾರಸ್‌ನ ವಿತಾಲಿ ಶೆರ್ಬೊ ಆರು ಚಿನ್ನ ಗೆದ್ದರು, ಅದರಲ್ಲಿ ನಾಲ್ಕು ಒಂದೇ ದಿನ. 2000ದ ಡಿಸೆಂಬರಿನಲ್ಲಿ ಅದೇ ನೆಲಕ್ಕೆ ಕೆಂಪು ಮಣ್ಣು ಹಾಸಿದರು. ಅದರ ಮೇಲೆ ಆಸ್ಟ್ರೇಲಿಯಾವನ್ನು ಸೋಲಿಸಿ ಸ್ಪೇನ್ ಮೊದಲ ಸಲ ಟೆನಿಸ್‌ನ ಡೇವಿಸ್ ಕಪ್ ಎತ್ತಿಹಿಡಿಯಿತು. 2003ರಲ್ಲಿ ವಿಶ್ವ ಈಜು ಚಾಂಪಿಯನ್‌ಶಿಪ್‌ಗೆ ಒಳಗೇ 50 ಮೀಟರಿನ ತಾತ್ಕಾಲಿಕ ಕೊಳ ಕಟ್ಟಿದರು. ಹದಿನೆಂಟರ ಹುಡುಗ ಮೈಕೆಲ್ ಫೆಲ್ಪ್ಸ್ ಅದರಲ್ಲಿ ಐದು ವಿಶ್ವದಾಖಲೆ ಬರೆದ. 2013ರಲ್ಲಿ ಮತ್ತೆ ಕೊಳ ಬಂತು, ಹದಿನಾರರ ಕೇಟಿ ಲೆಡೆಕಿ ನಾಲ್ಕು ಚಿನ್ನ ಗೆದ್ದಳು. ಕೂಟ ಮುಗಿದ ಮೇಲೆ ಕೊಳ ಬಿಚ್ಚಿಟ್ಟು, ಅಲ್ಲಿ ಮತ್ತೆ ಸಂಗೀತದ ವೇದಿಕೆ ಎದ್ದಿತು.

2021ರ ಮಾರ್ಚ್ 27ರ ಸಂಜೆಯನ್ನು ಹೇಳದಿದ್ದರೆ ಈ ಪರಿಚಯ ಅಪೂರ್ಣ. ಕೋವಿಡ್‌ನಿಂದ ಲೋಕದ ಬಹುತೇಕ ವೇದಿಕೆಗಳು ಮುಚ್ಚಿದ್ದ ಕಾಲ. ಬೆಳಿಗ್ಗೆ ಪರೀಕ್ಷೆ ಮಾಡಿಸಿಕೊಂಡು, ಮಾಸ್ಕ್ ತೊಟ್ಟು, ಐದು ಸಾವಿರ ಜನ ಲವ್ ಆಫ್ ಲೆಸ್ಬಿಯನ್ ಎಂಬ ಸ್ಥಳೀಯ ತಂಡದ ಹಾಡು ಕೇಳಲು ಇಲ್ಲಿ ಮೈಗೆ ಮೈ ತಾಗಿಸಿ ನಿಂತರು. ಸೋಂಕು ಅಲ್ಲಿ ಹರಡಿದ ಸೂಚನೆ ಸಿಗಲಿಲ್ಲವೆಂದು ವೈದ್ಯರು ಆಮೇಲೆ ವರದಿ ಕೊಟ್ಟರು. ಕಲಾವಿದರಿಗೂ ಕೇಳುಗರಿಗೂ ಆ ವರದಿ ಎಷ್ಟು ದೊಡ್ಡ ಧೈರ್ಯ ಕೊಟ್ಟಿತೆಂಬುದನ್ನು ಆ ದಿನಗಳನ್ನು ಕಂಡವರೆಲ್ಲ ಬಲ್ಲರು.

ಬಾರ್ಸಿಲೋನಾಕ್ಕೆ ಹೋಗುವ ಅವಕಾಶ ಸಿಕ್ಕರೆ ಪ್ಲಾಸಾ ಎಸ್ಪಾನ್ಯಾ ವೃತ್ತದಿಂದ ಮೇಲಕ್ಕೆ ನಡೆಯಿರಿ. ದಾರಿಯಲ್ಲಿ ಎಸ್ಕಲೇಟರ್‌ಗಳಿರುವುದರಿಂದ ವಯಸ್ಸಾದವರಿಗೂ ಹೆಚ್ಚು ಕಷ್ಟವಾಗದು. ಕ್ರೀಡಾಂಗಣದ ಹೊರಗೆ ಕಾಂಕ್ರೀಟ್ ಕಂಬಗಳ ತಲೆಯ ಮೇಲೆ ಬಾಗಿ ಬಳುಕುವ ಉಕ್ಕಿನ ತಂತಿಗಳಿವೆ. ಅದು ಇಸೊಜಾಕಿಯವರ ಪತ್ನಿ, ಶಿಲ್ಪಿ ಐಕೊ ಮಿಯಾವಾಕಿ ಅವರ ಕೃತಿ. ಅಂದು ಆಟವಿರಲಿ, ಹಾಡಿರಲಿ, ಟಿಕೆಟ್ ಕೊಂಡು ಒಳಗೆ ಹೋಗಿ. ಕಾರ್ಯಕ್ರಮ ಶುರುವಾಗುವ ಮೊದಲು ಐದು ನಿಮಿಷ ಚಾವಣಿಯನ್ನೂ ನೋಡಿ.